ಯಮನ ಪಾಶ, ಅಜ್ಜಿಯ ಸೌದೆ

ನಮ್ಮ ವಕ್ಕಲೇರಿಯ ಬೆಟ್ಟದ ದೇವರು ಮಾರ್ಕಂಡೇಶ್ವರ. ಆ ಕಥೆಯಲ್ಲಿ ಎಲ್ಲರ ಕಣ್ಣೂ ಲಿಂಗವನ್ನು ತಬ್ಬಿಕೊಂಡ ಹುಡುಗನ ಮೇಲೆ. ಪಾಶ ಹಿಡಿದು ಬಂದ ಯಮನೂ ತನಗೆ ವಹಿಸಿದ ಕೆಲಸವನ್ನೇ ಮಾಡುತ್ತಿದ್ದ. ಪಾಪ, ಶಿವನಿಂದ ಒದೆ ತಿಂದ. ಆದರೂ ಪಾಶ ಎಸೆಯುವ ಮುನ್ನ ಹುಡುಗ ಏನನ್ನು ಅಪ್ಪಿಕೊಂಡಿದ್ದಾನೆಂದು ಅವನು ಒಮ್ಮೆ ನೋಡಬಹುದಿತ್ತು.

ಇದು ನೆನಪಾದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಅರಣ್ಯ ರಕ್ಷಕಿಯಾಗಬೇಕೆಂದು ದಿನಾ ಬೆಳಗಿನ ಜಾವ ಓಟ ಕಲಿಯುತ್ತಿದ್ದಳು. "ಮೇಡಂ, ನಮ್ಮಜ್ಜಿಯಂಥೋರು ಸೌದೆ ಹೊರೆ ಹೊತ್ಕೊಂಡು ಎದುರಿಗೆ ಬಂದ್ರೆ ಏನ್ ಮಾಡ್ಲಿ?" ಎಂದಳು. "ಮೊದಲು ಹೊರೆ ನೋಡಮ್ಮ. ಹಸಿ ಮರವಾದ್ರೆ ಕೊಡಲಿ ಇಸ್ಕೋ, ನಿಮ್ಮಜ್ಜಿಯಾದ್ರೂ ಸರಿ. ಒಣ ಪುಳ್ಳೆಯಾದ್ರೆ ಬಿಟ್ಟುಬಿಡು" ಎಂದೆ. ಅವಳು ನಕ್ಕು, "ಕಾಯ್ದಿಟ್ಟ ಕಾಡಲ್ಲಿ ಪುಳ್ಳೆಗೂ ಅಪ್ಪಣೆ ಬೇಕಲ್ಲ ಮೇಡಂ?" ಎಂದಳು.

ಅದೂ ನಿಜವೇ. 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಎರಡೂ ಅರಣ್ಯ ಸಿಬ್ಬಂದಿಗೆ ದೊಡ್ಡ ಅಧಿಕಾರವನ್ನೇ ಕೊಟ್ಟಿವೆ: ಮಾಲು ವಶಪಡಿಸಿಕೊಳ್ಳಬಹುದು, ಬಂಧಿಸಬಹುದು. ಆದರೆ ಲಾರಿಯಲ್ಲಿ ದಿಮ್ಮಿ ಸಾಗಿಸುವವನು ರಾತ್ರಿ ಓಡಾಡುತ್ತಾನೆ. ಹಗಲು ಕೈಗೆ ಸಿಗುವವಳು ಅಜ್ಜಿ. ಸಿಕ್ಕವರನ್ನು ಹಿಡಿದು ಲೆಕ್ಕ ತುಂಬಿಸುವುದನ್ನು ಕರ್ತವ್ಯ ಎನ್ನಲು ನನಗೆ ಬಾಯಿ ಬರದು. ಹಾಗೆಂದು ಎಲ್ಲರನ್ನೂ ಬಿಟ್ಟರೆ ನಮ್ಮ ಕೋಲಾರದ ಬೋಳುಗುಡ್ಡಗಳಲ್ಲಿ ಉಳಿದ ನಾಲ್ಕು ಗಿಡಗಳೂ ಒಲೆ ಸೇರಿಯಾವು. ಕಾನೂನೇನೂ ಶಿಲಾಶಾಸನವಲ್ಲ. 2001ರ ತಿದ್ದುಪಡಿಗೆ ಮುಂಚೆ ನಮ್ಮ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದು, ಆಮೇಲೆ ಜಮೀನಿನವರದ್ದಾಯಿತು. ಮರ ಅದೇ, ಕಳ್ಳತನದ ಅರ್ಥ ಬೇರೆ. ಆದರೆ ಗಸ್ತು ತಿರುಗುವವಳು ಕಾಯ್ದೆ ಬದಲಾಗಲಿ ಎಂದು ಕಾದು ಕೂರುವಂತಿಲ್ಲ. ಎದುರಿಗೆ ಅಜ್ಜಿ ನಿಂತಿದ್ದಾಳೆ.

ಹುಡುಗಿಯ ತಾಯಿಗೆ ಅಜ್ಜಿಯ ಚಿಂತೆಯಿಲ್ಲ, ಕಾಡುಗಳ್ಳರ ಭಯ. "ಆ ಸಾಹೇಬ್ರನ್ನೇ ಬಿಡಲಿಲ್ಲ, ಇವಳನ್ನ ಬಿಡ್ತಾರಾ?" ಎನ್ನುತ್ತಾಳೆ. ಅವಳ ಮನಸ್ಸಿನಲ್ಲಿರುವುದು ಪಿ. ಶ್ರೀನಿವಾಸ್. ಆ ಐ.ಎಫ್.ಎಸ್. ಅಧಿಕಾರಿ ವೀರಪ್ಪನ್ ಹುಟ್ಟಿದ ಗೋಪಿನಾಥಂಗೇ ಹೋಗಿ, ಊರವರ ಔಷಧೋಪಚಾರಕ್ಕೆ ಏರ್ಪಾಡು ಮಾಡಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಹಿಡಿಯಬೇಕಾದವನ ನೆಂಟರಿಷ್ಟರೊಂದಿಗೇ ವಿಶ್ವಾಸದಿಂದಿದ್ದರು. ಶರಣಾಗುತ್ತಾನೆಂದು ನಂಬಿ ಬರಿಗೈಯಲ್ಲಿ ಹೋದವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದ. ಸರ್ಕಾರ ಮರಣೋತ್ತರವಾಗಿ ಕೀರ್ತಿಚಕ್ರ ಕೊಟ್ಟಿತು.

ಅತಿಯಾಗಿ ನಂಬಿ ಕೆಟ್ಟರು ಎನ್ನುವವರುಂಟು. ದ್ರೋಹ ಬಗೆದವನ ತಪ್ಪನ್ನು ನಂಬಿದವರ ತಲೆಗೆ ಕಟ್ಟುವುದು ಯಾವ ನ್ಯಾಯವೋ! ಗೋಪಿನಾಥಂನ ಜನ ಅವರನ್ನು ಈಗಲೂ ನೆನೆಯುತ್ತಾರೆ, ಖಾಕಿ ತೊಟ್ಟು ಬಂದವರೆಂದೇ.