ಹಳೆಯ ಫಿಯೆಟ್ಟಿನ ಒಡೆತನ

ಬೆಲೆ ಇಳಿದುಹೋದ ವಸ್ತುವಿನ ಮೇಲೆ ಪ್ರೀತಿ ಏರುತ್ತಾ ಹೋಗುವುದು ವಿವೇಕವೋ, ಬರಿಯ ಮೋಹವೋ? ಹಳೆಯ ಇಟಾಲಿಯನ್ ಕಾರುಗಳನ್ನು ಅಗ್ಗಕ್ಕೆ ಕೊಂಡು ಸಾಕುವವರನ್ನು ಕಂಡಾಗ ಈ ಪ್ರಶ್ನೆ ಏಳುತ್ತದೆ. ನಾನೂ ಅವರಲ್ಲೊಬ್ಬ. ನನ್ನ ಪ್ರೀಮಿಯರ್ ಪದ್ಮಿನಿಯನ್ನು ಕಾಸರಗೋಡಿನ ಮಲಯಾಳಿ ಗೆಳೆಯರು ‘ಪಾಟ್ಟ’ ಎನ್ನುತ್ತಾರೆ, ಕನ್ನಡದವರು ‘ಡಬ್ಬ’ ಎನ್ನುತ್ತಾರೆ. ಈ ಒಂದು ವಿಷಯದಲ್ಲಿ ಎರಡು ಭಾಷೆಗಳಿಗೂ ಭಿನ್ನಾಭಿಪ್ರಾಯವಿಲ್ಲ!

ಪದ್ಮಿನಿಯ ತವರು ಇಟಲಿಯ ಟುರಿನ್ ನಗರ. ದಾಂತೆ ಜಿಯಾಕೋಸಾ ಎಂಬ ಇಂಜಿನಿಯರರ ನೇತೃತ್ವದಲ್ಲಿ 1953ರಲ್ಲಿ ಹೊಸ ರೂಪ ತಳೆದ ಫಿಯೆಟ್ 1100ರ ವಂಶ ಅದರದು. 1964ರಿಂದ ಈ ಕಾರು ಮುಂಬಯಿಯ ಕುರ್ಲಾದಲ್ಲಿ ‘1100 ಡಿ’ ಎಂಬ ಮಾದರಿಯಾಗಿ ತಯಾರಾಯಿತು; 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಯುದ್ಧದಿಂದ ಬಡವಾಗಿದ್ದ ಇಟಲಿ, ಸಾಮಾನ್ಯ ಸಂಸಾರಸ್ಥನಿಗೆಂದು ಮಾಡಿದ ಕಾರಿಗೂ ಅಂದವನ್ನು ನಿರಾಕರಿಸಲಿಲ್ಲ. ಅದರ ಆಕರ್ಷಣೆಯ ಮೊದಲ ಕಾರಣ ಇದೇ ಇರಬೇಕು. ಎರಡನೆಯದು, ಅದು ತನ್ನ ಒಳಗನ್ನು ಮುಚ್ಚಿಡುವುದಿಲ್ಲ. ಬಾನೆಟ್ ಎತ್ತಿದರೆ 1089 ಸಿ.ಸಿ.ಯ ಎಂಜಿನು, ಕಾರ್ಬ್ಯುರೇಟರು, ರೇಡಿಯೇಟರು ಎಲ್ಲವೂ ಕಣ್ಣಿಗೆ ಕಾಣುತ್ತವೆ, ಕೈಗೆ ಎಟಕುತ್ತವೆ.

ಬ್ಯಾಂಕಿನ ಗುಮಾಸ್ತನಾದ ನನಗೆ ಸವಕಳಿಯ ಲೆಕ್ಕ ಚೆನ್ನಾಗಿ ಗೊತ್ತು. ಒಂದು ಲಕ್ಷ ರೂಪಾಯಿಯ ಕಾರಿನ ಮೌಲ್ಯವನ್ನು ಪ್ರತಿವರ್ಷ ಉಳಿದ ಮೊತ್ತದ ಮೇಲೆ ಶೇಕಡಾ 15ರಂತೆ ಕಳೆಯುತ್ತಾ ಬಂದರೆ, 20 ವರ್ಷಗಳಲ್ಲಿ ಅದು ಸುಮಾರು 3,900 ರೂಪಾಯಿಗೆ ಇಳಿಯುತ್ತದೆ. ಆದರೆ ಈ ಕ್ರಮದಲ್ಲಿ ಎಷ್ಟು ವರ್ಷ ಕಳೆದರೂ ಮೊತ್ತ ಸೊನ್ನೆಯಾಗುವುದಿಲ್ಲ. ಏನೋ ಒಂದಿಷ್ಟು ಉಳಿದೇ ಇರುತ್ತದೆ.

ಆ ಉಳಿದದ್ದು ಯಾವುದು? ನನ್ನ ಅನಿಸಿಕೆಯಲ್ಲಿ ಅದು ಆರೈಕೆಯ ಹೊಣೆ. ಹೊಸ ಕಾರಿನ ಒಡೆಯನಿಗೆ ಕಾರು ಸೇವೆ ಸಲ್ಲಿಸುತ್ತದೆ; ಹಳೆಯ ಕಾರು ಒಡೆಯನಿಂದಲೇ ಸೇವೆ ಬೇಡುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ, ಆಟಿಯ ಮಳೆಗೆ ತಗಡು ತುಕ್ಕು ಹಿಡಿಯದಂತೆ ವರ್ಷವಿಡೀ ಕಾಯಬೇಕು. ಕೊಳ್ಳಲು ಅಗ್ಗವಾದದ್ದು ಇಟ್ಟುಕೊಳ್ಳಲು ಅಗ್ಗವಲ್ಲ. ‘ನನ್ನದು’ ಎಂಬ ಮಾತಿಗೆ ಹಕ್ಕಿನಷ್ಟೇ ಋಣದ ಅರ್ಥವೂ ಇದೆಯೆಂದು ಅದು ಕಲಿಸುತ್ತದೆ.

ಇಷ್ಟು ಹೇಳಿ ಮುಗಿಸಿದರೆ ಅದು ಅರ್ಧಸತ್ಯವಾದೀತು. ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮರೆಯಾದಾಗ ಕಾರುಪ್ರಿಯರು ಮರುಗಿದರು. ಎ.ಸಿ. ಇಲ್ಲದ ಕಾರಿನಲ್ಲಿ ಬಿಸಿಲಿಡೀ ದುಡಿದ ಚಾಲಕನಿಗೂ ಅಷ್ಟೇ ಮರುಕ ಇರಬೇಕೆಂದು ನಾವು ಬಯಸಬಹುದೇ? ನಾನು ಕಚೇರಿಗೆ ಬಸ್ಸಿನಲ್ಲಿ ಹೋಗುವವನು. ಕಾರು ಕೆಟ್ಟು ನಿಂತರೆ ನನ್ನ ಅನ್ನಕ್ಕೆ ಕುಂದಿಲ್ಲ. ಹಳೆಯದನ್ನು ಪ್ರೀತಿಸುವ ಈ ಬಿಡುವೂ ಒಂದು ಬಗೆಯ ಸಿರಿತನವೇ.

ಇನ್ನು ಹೊಗೆಯ ಮಾತು. ಈ ಎಂಜಿನಿಗೆ ಇಂದಿನ ಕಾರುಗಳ ಹೊಗೆಶೋಧಕವಿಲ್ಲ. ನನ್ನ ಪ್ರೀತಿಗೆ ನೆರೆಮನೆಯ ಮಗು ಕೆಮ್ಮಬೇಕೆಂದರೆ ಅದು ಪ್ರೀತಿಯಲ್ಲ, ದರ್ಪ. ಆದ್ದರಿಂದ ಕಾರ್ಬ್ಯುರೇಟರನ್ನು ಕಾಲಕಾಲಕ್ಕೆ ಸರಿಪಡಿಸಿಡುವುದು, ಅಪರೂಪಕ್ಕೆ ಮಾತ್ರ ಹೊರಗೆ ತೆಗೆಯುವುದು ನಾನು ಪಾಲಿಸುವ ನಿಯಮ. ಒಂದು ವಸ್ತುವನ್ನು ಉಳಿಸಿಕೊಳ್ಳುವ ಭಾರ ಅದರ ಒಡೆಯನ ಹೆಗಲ ಮೇಲಿರುವವರೆಗೆ ಮಾತ್ರ ಆ ಮೋಹಕ್ಕೆ ವಿವೇಕದ ಹೆಸರು ಸಲ್ಲುತ್ತದೆ.