ರಜೆ ಯಾರಿಗೆ?

ಮನೆಯನ್ನೇ ಗಾಲಿಗಳ ಮೇಲೆ ಇಟ್ಟುಕೊಂಡು ಊರೂರು ಸುತ್ತುವ 'ಕ್ಯಾರವಾನ್' ರಜೆಯ ಬಗ್ಗೆ ನೀವು ಕೇಳಿರಬಹುದು. ವಾಹನದೊಳಗೇ ಮಂಚ, ಒಲೆ, ನೀರು. ಮನಸ್ಸಾದಲ್ಲಿ ನಿಲ್ಲಬಹುದು, ಸಾಕೆನಿಸಿದಾಗ ಹೊರಡಬಹುದು. ಆದರೆ ಈ ಸಂತೋಷ ನಮಗೇನೂ ಹೊಸದಲ್ಲ. ಬಳ್ಳಾರಿ ಸೀಮೆಯ ಹಿರಿಯರನ್ನು ಕೇಳಿ ನೋಡಿ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ, ದೂರದ ಮೈಲಾರದ ಜಾತ್ರೆಗೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ಬಿದಿರಿನ ಕಮಾನಿಗೆ ಚಾಪೆ ಹೊದಿಸಿದರೆ ಅದೇ ಸೂರು, ಮೂರು ಕಲ್ಲು ಹೂಡಿದರೆ ಅದೇ ಒಲೆ.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿಲೋಮೀಟರ್. ಇಂದು ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬರುತ್ತದೆ. ಎತ್ತಿನ ಬಂಡಿಗಾದರೋ ಅದು ಎರಡು ದಿನದ ದಾರಿ. ಆ ನಿಧಾನದಲ್ಲೇ ಸುಖವಿತ್ತು. ಮಕ್ಕಳು ಇಳಿದು ಬಂಡಿಯ ಜೊತೆ ಓಡಬಹುದಿತ್ತು. ಮನೆಯಲ್ಲಿ ಮಾತು ಬಿಟ್ಟವರೂ ಬಂಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಲೇಬೇಕಿತ್ತು. ರಾತ್ರಿ ನಕ್ಷತ್ರಗಳ ಕೆಳಗೆ ಮಲಗಿದಾಗ, ಬದುಕಲು ಎಷ್ಟು ಕಡಿಮೆ ಸಾಕು ಎಂಬುದು ಯಾರೂ ಹೇಳದೆಯೇ ತಿಳಿಯುತ್ತಿತ್ತು.

ಆದರೆ ಒಂದು ಪ್ರಶ್ನೆ. ಮನೆ ಜೊತೆಗೆ ಬಂದರೆ ಮನೆಗೆಲಸವೂ ಜೊತೆಗೆ ಬರುತ್ತದಲ್ಲವೇ? ಅದು ಯಾರ ಪಾಲಿಗೆ?

ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್‌ಗಳಲ್ಲಿ ಒಂದು, 1885ರಲ್ಲಿ ಬ್ರಿಟನ್ನಿನ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ, ಲೇಖಕ ಮಾಡಿಸಿಕೊಂಡ 'ವಾಂಡರರ್' ಎಂಬ ಕುದುರೆ ಬಂಡಿ. ಅದರ ಸ್ವಾತಂತ್ರ್ಯದ ಸುಖವನ್ನು ಅವರು ಪುಸ್ತಕವಾಗಿಯೇ ಬರೆದರು. ಆದರೆ ಬಂಡಿ ಹೊಡೆಯಲು ಒಬ್ಬ, ಸೇವೆಗೆ ಇನ್ನೊಬ್ಬ ಜೊತೆಗಿದ್ದರು. ಅವರಿಗೆ ಅದು ರಜೆಯೇ?

ನಮ್ಮ ಬಂಡಿಗಳಲ್ಲಿ ಆಳುಗಳಿರಲಿಲ್ಲ; ತಾಯಂದಿರಿದ್ದರು. ಹೊರಡುವ ಮುನ್ನವೇ ಅವರು ಕಟಕ್ ರೊಟ್ಟಿ ತಟ್ಟಿ, ಶೇಂಗಾ ಚಟ್ನಿ ಕುಟ್ಟಿ ಗಂಟು ಕಟ್ಟುತ್ತಿದ್ದರು. ದಾರಿಯಲ್ಲಿ ಬಂಡಿ ನಿಂತೊಡನೆ ರೈತ ಮೊದಲು ಎತ್ತು ಬಿಚ್ಚಿ ನೀರು ತೋರಿಸಿ, ಮೇವು ಹಾಕುತ್ತಿದ್ದ. ಒಳ್ಳೆಯ ನಡತೆಯೇ ಸರಿ. ಆದರೆ ಎತ್ತಿನ ದಣಿವು ಕಂಡ ಕಣ್ಣಿಗೆ ಒಲೆ ಊದುತ್ತಿದ್ದವಳ ದಣಿವು ಕಂಡಿತೇ?

"ಅಡುಗೆ ಮಾಡಿ ಬಡಿಸುವುದೇ ಅಮ್ಮನಿಗೆ ಸಂತೋಷ" ಎನ್ನುತ್ತೇವೆ. ಇರಬಹುದು. ಆದರೆ ಅವಳನ್ನು ಎಂದಾದರೂ ಕೇಳಿದ್ದೇವೆಯೇ?

ಇಸ್ರಯೇಲರಿಗೂ ಇಂಥದೊಂದು ಹಬ್ಬವಿತ್ತು: ಏಳು ದಿನ ಮನೆ ಬಿಟ್ಟು ಪರ್ಣಕುಟೀರಗಳಲ್ಲಿ ವಾಸ. ಆ ಹಬ್ಬದಲ್ಲಿ ಯಾರು ಯಾರು ಸಂತೋಷಪಡಬೇಕೆಂದು ಧರ್ಮೋಪದೇಶಕಾಂಡ ಪಟ್ಟಿಯನ್ನೇ ಕೊಡುತ್ತದೆ. ಮಗ, ಮಗಳು ಮಾತ್ರವಲ್ಲ. ದಾಸ, ದಾಸಿ, ಪರದೇಶಿ, ಅನಾಥ, ವಿಧವೆ ಎಲ್ಲರೂ ಅದರಲ್ಲಿದ್ದಾರೆ. ಒಬ್ಬರ ಬೆವರಿನ ಮೇಲೆ ಉಳಿದವರ ಉಲ್ಲಾಸ ನಿಲ್ಲಬಾರದು ಎಂಬುದೇ ಅದರ ಅರ್ಥವಲ್ಲವೇ?

ಮುಂದಿನ ರಜೆಗೆ ನೀವು ಬಾಡಿಗೆ ವ್ಯಾನಿನಲ್ಲೇ ಹೋಗಿ, ಬಸ್ಸಿನಲ್ಲೇ ಹೋಗಿ. ಮೊದಲ ಸಂಜೆ ಪಾತ್ರೆ ತೊಳೆಯಲು ಅಪ್ಪ ಎದ್ದೇಳಲಿ, ನೀರು ತರಲು ಮಕ್ಕಳು ಓಡಲಿ. ಚಾಲಕನನ್ನೂ ಊಟಕ್ಕೆ ಜೊತೆಯಲ್ಲೇ ಕೂರಿಸಿಕೊಳ್ಳಿ. ಅಮ್ಮ ಒಂದು ಗಳಿಗೆ ಸುಮ್ಮನೆ ಕುಳಿತು ಆಕಾಶ ನೋಡಲಿ. ಆಗ ರಜೆ ಮನೆಮಂದಿಯೆಲ್ಲರದೂ ಆದೀತು.