ಎಣಿಸಬಲ್ಲವನಿಗೆ ಜಾಗವಿಲ್ಲ

ಮಹಾಭಾರತದ ನಳನ ಕಥೆಯಲ್ಲಿ ಅರಸ ಋತುಪರ್ಣನ ರಥ ವಿದರ್ಭದತ್ತ ಓಡುತ್ತಿದೆ. ದಾರಿಯಲ್ಲೊಂದು ತಾರೆಮರ. ಅದರ ಎಲೆ ಎಷ್ಟು, ಕಾಯಿ ಎಷ್ಟು ಎಂದು ಅರಸ ಕೂತಲ್ಲಿಂದಲೇ ಹೇಳಿಬಿಡುತ್ತಾನೆ. ಸಾರಥಿಯ ವೇಷದಲ್ಲಿದ್ದ ನಳನಿಗೆ ನಂಬಿಕೆ ಬಾರದು. ರಥ ನಿಲ್ಲಿಸಿ ಎಣಿಸುತ್ತಾನೆ, ಲೆಕ್ಕ ಸರಿಯಾಗಿದೆ. ತನ್ನ ಕುದುರೆಯ ವಿದ್ಯೆ ಕೊಟ್ಟು ಅವನಿಂದ ದಾಳದ ಮರ್ಮವಾದ ಅಕ್ಷಹೃದಯವನ್ನು ಕಲಿಯುತ್ತಾನೆ. ಆಮೇಲೆ ಸೋದರ ಪುಷ್ಕರನನ್ನು ಜೂಜಿನಲ್ಲಿ ಸೋಲಿಸಿ, ಹಿಂದೆ ಜೂಜಿನಲ್ಲೇ ಕಳೆದುಕೊಂಡ ರಾಜ್ಯವನ್ನು ಮರಳಿ ಪಡೆದ ಕಥೆ ಗೊತ್ತೇ ಇದೆ. ಹಿಂದೆ ದಾಳವಾಗಿ ಉರುಳುತ್ತಿದ್ದುದೂ ತಾರೆಕಾಯಿಯೇ. ಕವಿ ಬೇರೆ ಮರ ಬಿಟ್ಟು ಅದನ್ನೇ ದಾರಿಯಲ್ಲಿ ನಿಲ್ಲಿಸಿದ್ದು ಸುಮ್ಮನೆ ಇರಲಾರದು.

ಲೆಕ್ಕ ಬಲ್ಲವನು ಜೂಜಿನಲ್ಲಿ ಗೆಲ್ಲುತ್ತಾನೆ ಎಂಬ ಈ ಹಳೆಯ ನಂಬಿಕೆಯನ್ನು ಹೊತ್ತುಕೊಂಡೇ ಕ್ಯಾಸಿನೊ ಮೆಟ್ಟಿಲು ಹತ್ತುವವರು ಅನೇಕರು. ಆದರೆ ಅಲ್ಲಿ ಎದುರಿಗೆ ಪುಷ್ಕರ ಕೂತಿರುವುದಿಲ್ಲ. ಇರುವುದು ಮೊದಲೇ ಗೊತ್ತುಮಾಡಿದ ಒಂದು ದರಪಟ್ಟಿ.

ರೂಲೆಟ್ ನೋಡಿ. ಯುರೋಪಿನ ಮಾದರಿಯ ಚಕ್ರದಲ್ಲಿ 37 ಮನೆಗಳು: 1ರಿಂದ 36, ಜತೆಗೊಂದು ಹಸಿರು ಸೊನ್ನೆ. ಒಂದು ಅಂಕಿಗೆ ನೂರು ರೂಪಾಯಿ ಕಟ್ಟಿ ಗೆದ್ದರೆ, ಕಟ್ಟಿದ ನೂರೂ ಸೇರಿ 3,600 ಕೈಗೆ ಬರುತ್ತದೆ. ಸೋಲಲೇಬಾರದೆಂದು ಎಲ್ಲ 37 ಮನೆಗೂ ನೂರು ನೂರು ಕಟ್ಟಿದಿರಿ ಅನ್ನೋಣ. ಹೋದದ್ದು 3,700, ಬಂದದ್ದು 3,600. ಗೆದ್ದೂ ನೂರು ರೂಪಾಯಿ ಕಳೆದಿರಿ! ಇಲ್ಲಿ ಯಾರ ಕೈಚಳಕವೂ ಇಲ್ಲ. ಚಕ್ರ ಅಪ್ಪಟ ಪ್ರಾಮಾಣಿಕ. ಅಮೆರಿಕದ ಚಕ್ರದಲ್ಲಿ ಸೊನ್ನೆ ಎರಡಿದ್ದರೂ ಗೆದ್ದವನಿಗೆ ಸಿಗುವುದು ಅಷ್ಟೇ ದುಡ್ಡು. ನೂರಕ್ಕೆ 2.70 ಇದ್ದ ಕಡಿತ ಅಲ್ಲಿ 5.26 ಆಗುತ್ತದೆ.

ಚಕ್ರದ ಪಕ್ಕದಲ್ಲಿ ಹಿಂದಿನ ಸುತ್ತುಗಳ ಅಂಕಿಗಳು ಹೊಳೆಯುವ ಫಲಕವೊಂದಿರುತ್ತದೆ. ಬ್ಯಾಕರಾ ಎಂಬ ಇಸ್ಪೀಟಾಟದ ಮೇಜಿನಲ್ಲಂತೂ ಗುರುತು ಹಾಕಿಕೊಳ್ಳಲು ಕಾಗದ, ಪೆನ್ನನ್ನು ಅವರೇ ಕೊಡುತ್ತಾರೆ. ತನಗೆ ನಷ್ಟ ತರುವ ಮಾಹಿತಿಯನ್ನು ಯಾವ ವ್ಯಾಪಾರಿ ಹೀಗೆ ಪುಕ್ಕಟೆ ಹಂಚಿಯಾನು? 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ರೂಲೆಟ್ ಚೆಂಡು ಸತತ 26 ಸಲ ಕಪ್ಪು ಮನೆಯಲ್ಲೇ ಬಿತ್ತು. ಇನ್ನೇನು ಕೆಂಪು ಬರಲೇಬೇಕೆಂದು ಜನ ಪ್ರತಿ ಸುತ್ತಿಗೂ ದುಡ್ಡು ಸುರಿದು ಬರಿಗೈಯಾದರು. ಚೆಂಡಿಗೆ ನೆನಪಿಲ್ಲ. ಇಪ್ಪತ್ತನೆಯ ಸುತ್ತಿನಲ್ಲೂ ಕೆಂಪಿಗಿದ್ದದ್ದು 37ರಲ್ಲಿ 18 ಮನೆಗಳೇ.

ಋತುಪರ್ಣನ ವಿದ್ಯೆ ನಿಜಕ್ಕೂ ನಡೆಯುವ ಇಸ್ಪೀಟಾಟವೊಂದಿದೆ, ಬ್ಲ್ಯಾಕ್‌ಜಾಕ್. ಅಲ್ಲಿ ಬಿದ್ದ ಎಲೆ ಮತ್ತೆ ಕಟ್ಟಿಗೆ ಕೂಡಲೇ ಸೇರುವುದಿಲ್ಲವಾದ್ದರಿಂದ ಉಳಿದ ಎಲೆಗಳು ಎಂಥವೆಂದು ಊಹಿಸಬಹುದು. ಹತ್ತರ ಬೆಲೆಯ ಎಲೆ, ಎಕ್ಕ ಹೆಚ್ಚು ಉಳಿದಿದ್ದರೆ ಆಟಗಾರನ ಕೈ ಮೇಲಾಗುತ್ತದೆ. ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲಿ ಪುಸ್ತಕ ಬರೆದೇ ಇದನ್ನು ತೋರಿಸಿದ. ಕ್ಯಾಸಿನೊಗಳೇನು ಸುಮ್ಮನಿರುತ್ತವೆಯೇ? ಒಂದರ ಬದಲು ಹಲವು ಕಟ್ಟುಗಳನ್ನು ಬೆರೆಸಿದವು, ಪದೇ ಪದೇ ಕಲೆಸಿದವು, ಎಣಿಸುವವರನ್ನು ಗುರುತು ಹಿಡಿದು ಬಾಗಿಲು ತೋರಿಸಿದವು. ಮನಸ್ಸಿನಲ್ಲೇ ಎಣಿಸುವುದು ನೆವಾಡಾದಲ್ಲಿ ಅಪರಾಧವೇನಲ್ಲ, ಆದರೂ ಆಟಕ್ಕೆ ಕೂರಿಸಿಕೊಳ್ಳುವುದಿಲ್ಲ. ಪೆನ್ನು ಕೊಡುವ ಮೇಜು ಯಾವುದು, ಹೊರಗಟ್ಟುವ ಮೇಜು ಯಾವುದು ಎಂದು ಗಮನಿಸಿದರೆ ಸಾಕು, ಗಣಿತದ ಪಾಠ ಬೇಕಾಗಿಲ್ಲ.

ಜನ ಎಡವುವುದು ಇನ್ನೊಂದು ಕಡೆ. ನೂರಕ್ಕೆ ಎರಡು ಮುಕ್ಕಾಲು ತಾನೇ, ಹೋದರೆ ಹೋಗಲಿ, ಸಿನಿಮಾಕ್ಕೂ ಖರ್ಚಾಗುತ್ತದೆ ಅನ್ನುತ್ತಾರೆ. ಆ ಕಡಿತ ಬೀಳುವುದು ಜೇಬಿನ ದುಡ್ಡಿನ ಮೇಲಲ್ಲ, ಕಟ್ಟಿದ ಒಟ್ಟು ಮೊತ್ತದ ಮೇಲೆ. ಹತ್ತು ಸಾವಿರ ಹಿಡಿದು ಬಂದವನು ಸುತ್ತಿಗೆ 500ರಂತೆ, ಗಂಟೆಗೆ 40 ಸುತ್ತು, ಐದು ಗಂಟೆ ಆಡಿದರೆ ಅದೇ ದುಡ್ಡು ತಿರುತಿರುಗಿ ಒಂದು ಲಕ್ಷದ ಬಾಜಿಯಾಗಿರುತ್ತದೆ. ಸರಾಸರಿ ನಷ್ಟ 2,700 ರೂಪಾಯಿ; ಎರಡು ಸೊನ್ನೆಯ ಚಕ್ರವಾದರೆ 5,260. ಆ ರಾತ್ರಿ ಒಬ್ಬಿಬ್ಬರು ಗೆದ್ದು ನಗುತ್ತ ಹೋಗಬಹುದು, ಇನ್ನು ಕೆಲವರು ಎರಡನೆಯ ಗಂಟೆಗೇ ಖಾಲಿಯಾಗಬಹುದು. ಸಾವಿರಾರು ಜನ ಆಡುವಾಗ ಮಾಲೀಕನಿಗೆ ಯಾರು ಗೆದ್ದರೆಂಬುದು ಮುಖ್ಯವಲ್ಲ, ಎಷ್ಟು ಹೊತ್ತು ಕೂತರೆಂಬುದು ಮುಖ್ಯ. ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ಪ್ರವೇಶದ ಹಣದಲ್ಲೇ ಊಟ, ಕುಡಿತ ಸೇರಿರುವುದೂ ಈ ಕಾರಣಕ್ಕೇ. ಹಸಿವಾಯಿತೆಂದು ಯಾರೂ ಎದ್ದು ದಡಕ್ಕೆ ಹೋಗಬೇಕಿಲ್ಲ.

ಆ ಹಡಗುಗಳಿಂದ ಶುಲ್ಕ, ತೆರಿಗೆ ಪಡೆಯುವ ಗೋವಾ ಸರ್ಕಾರ 2020ರಲ್ಲಿ ಗೋವಾದ ನಿವಾಸಿಗಳು ಅಲ್ಲಿ ಜೂಜಾಡಲು ಹೋಗುವಂತಿಲ್ಲ ಎಂದು ನಿಷೇಧ ಜಾರಿಗೆ ತಂದಿತು. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ಬರುವವರಿಗೆ ಅಡ್ಡಿಯೇನಿಲ್ಲ.